ಕಳೆದುಹೋದ ತಾಮ್ರದ ಲೆಕ್ಕ

1802ರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟ್ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯುತ್ತಾ ಕೋಲಾರದ ಕಡೆ ಬಂದ. ಟಿಪ್ಪು ಸತ್ತು ಮೂರು ವರ್ಷವಾಗಿತ್ತು. ಹೊಸ ರಾಜ್ಯದ ಗಡಿಕಲ್ಲು ಎಲ್ಲಿ ನೆಡಬೇಕು ಎಂದು ಬ್ರಿಟಿಷರು ಲೆಕ್ಕ ಹಾಕುತ್ತಿದ್ದ ಕಾಲ. ಈ ಕಡೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ವಾರನ್ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡುತ್ತೇನೆ ಎಂದ. ಊರಿಗಾಮಿನ ಜನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದರು. ತಳದಲ್ಲಿ ಚಿನ್ನದ ಕಣ ಉಳಿಯಿತು. ಈ ವಾರನ್ ಮುಂದೆ ಮದರಾಸಿನ ಖಗೋಳ ವೀಕ್ಷಣಾಲಯವನ್ನು ಕೆಲಕಾಲ ನೋಡಿಕೊಂಡ, 1825ರಲ್ಲಿ ನಮ್ಮ ಪಂಚಾಂಗಗಳ ಲೆಕ್ಕದ ಮೇಲೆ 'ಕಾಲ ಸಂಕಲಿತ' ಎಂಬ ಪುಸ್ತಕವನ್ನೂ ತಂದ. ಚಿನ್ನ ಮಾತ್ರ ಅವನಿಗೆ ದಕ್ಕಲಿಲ್ಲ. 1873ರಲ್ಲಿ ಮೈಕೇಲ್ ಲವೆಲ್ ಮೈಸೂರು ಸರಕಾರಕ್ಕೆ ಅರ್ಜಿ ಹಾಕಿ, 1880ರ ನಂತರ ಜಾನ್ ಟೇಲರ್ ಕಂಪನಿ ಬಂದು, ಕೆಜಿಎಫ್ ಆದ ಕಥೆ ನಮಗೆಲ್ಲ ಗೊತ್ತು.

ಊರಿಗಾಮಿನವರು ವಾರನ್‌ಗೆ ತೋರಿಸಿದ್ದು ಜಗತ್ತಿನ ಅತಿ ಹಳೆಯ ಖನಿಜ ಹುಡುಕುವ ವಿಧಾನ. ನೆಲದ ಮೇಲೆ ಲೋಹದ ಚೂರು ಕಂಡರೆ ಅದರ ಜಾಡು ಹಿಡಿದು ಮೂಲಕ್ಕೆ ಹೋಗುವುದು. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಹೀಗೆ ಬೆಣಚುಕಲ್ಲಿನ ಪಟ್ಟೆಗಳ ಬೆನ್ನುಹತ್ತಿ 190 ಮೀಟರ್ ಆಳದವರೆಗೆ ಇಳಿದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರೆರಚಿ ಬಿರುಕು ಬಿಡಿಸಿ ಇಳಿದವರು ಅವರು. ನಿಜಾಮರ ಕಾಲದಲ್ಲಿ ಬಂದ ಹೈದರಾಬಾದ್ ಡೆಕ್ಕನ್ ಕಂಪನಿ ಹೊಸದಾಗಿ ಹುಡುಕಲು ಹೋಗಲಿಲ್ಲ, ಹಳೆಯ ಗುಂಡಿಗಳನ್ನು ಹುಡುಕಿತು. ಕೋಲಾರದಲ್ಲೂ ಅಷ್ಟೇ. ದಕ್ಷಿಣ ಭಾರತದ ಚಿನ್ನದ ಗಣಿಗಳ ಮೊದಲ ಭೂವಿಜ್ಞಾನಿಗಳು ಹೆಸರೇ ಉಳಿಯದ ಊರ ಜನ.

ಆದರೆ ಈ ವಿಧಾನಕ್ಕೆ ಒಂದು ಮಿತಿ ಇದೆ. ಅದಿರು ನೆಲದ ಮೇಲೆ ಎಲ್ಲಾದರೂ ತಲೆ ಹೊರಗೆ ಹಾಕಿರಬೇಕು. ಹಾಗೆ ತಲೆ ಹಾಕಿದ್ದನ್ನೆಲ್ಲ ಮನುಷ್ಯರು ಬಹುಪಾಲು ಕಂಡುಹಿಡಿದು ಮುಗಿಸಿದ್ದಾರೆ. ಈಗ ಉಳಿದಿರುವುದು ಮುನ್ನೂರು, ಐನೂರು ಮೀಟರ್ ಬೇರೆ ಕಲ್ಲಿನ ಅಡಿಯಲ್ಲಿ ಹೂತಿರುವ ಅದಿರು. ಮೇಲೆ ತೊಳೆಯಲು ಮಣ್ಣಿಲ್ಲ, ಹಿಂಬಾಲಿಸಲು ಪಟ್ಟೆಯಿಲ್ಲ. ಅಂಥದ್ದನ್ನು ಎಲ್ಲಿಂದ ಹುಡುಕಲು ಶುರು ಮಾಡುವುದು?

ನಾನು ಎಂಟೆಕ್‌ನಲ್ಲಿ ಓದಿದ್ದು ಈ ಪ್ರಶ್ನೆಯನ್ನೇ. ಓದು ಮುಗಿದ ಮೇಲೆ ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಲೆಕ್ಕ ನೋಡುವವನಾದೆ. ನಮ್ಮ ಬ್ಯಾಚಿನ ಅರ್ಧಕ್ಕಿಂತ ಹೆಚ್ಚು ಜನರ ಪಾಡು ಇದೇ. ಆದರೂ ಆಗ ಓದಿದ ಒಂದು ಶೋಧದ ಕಥೆ ತಲೆಯಿಂದ ಹೋಗಿಲ್ಲ. ಅದು ನಡೆದದ್ದು ದಕ್ಷಿಣ ಆಸ್ಟ್ರೇಲಿಯಾದ ಕುರುಚಲು ಬಯಲಿನಲ್ಲಿ. ಅದನ್ನು ಹೇಳುವ ಮೊದಲು, ಕಲ್ಲನ್ನು ರಾಸಾಯನಿಕವಾಗಿ ಓದಲು ನಮಗೆ ಕಲಿಸಿದ ಒಬ್ಬ ಮನುಷ್ಯನ ಬಗ್ಗೆ ಹೇಳಬೇಕು.

ವಿಕ್ಟರ್ ಗೋಲ್ಡ್‌ಸ್ಮಿಟ್ 1888ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿದ ಯಹೂದಿ, ಬೆಳೆದದ್ದು ನಾರ್ವೆಯಲ್ಲಿ. ಭೂಮಿಯ ಒಂದೊಂದು ಧಾತುವೂ ಯಾಕೆ ಒಂದೊಂದು ಕಡೆ ಸೇರಿಕೊಂಡಿದೆ ಎಂಬುದು ಅವನ ಜೀವನದ ಪ್ರಶ್ನೆ. ಕೆಲವು ಧಾತುಗಳಿಗೆ ಕಬ್ಬಿಣದ ಸಂಗ ಇಷ್ಟ, ಕೆಲವಕ್ಕೆ ಗಂಧಕದ ಸಂಗ, ಕೆಲವಕ್ಕೆ ಸಾಮಾನ್ಯ ಕಲ್ಲಿನ ಖನಿಜಗಳ ಸಂಗ ಎಂದು ಅವನು ವಿಂಗಡಿಸಿದ. ತಾಮ್ರ ಗಂಧಕದ ಕಡೆಯದು. ಒಂದೇ ಗಾತ್ರ, ಒಂದೇ ಬಗೆಯ ವಿದ್ಯುದಂಶ ಇರುವ ಧಾತುಗಳು ಹರಳಿನೊಳಗೆ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ ಎಂದೂ ತೋರಿಸಿದ. ಬಸ್ಸಿನಲ್ಲಿ ಸೀಟು ಹಂಚಿಕೊಂಡಂತೆ. ರುಬಿಡಿಯಂಗೆ ತನ್ನದೇ ಖನಿಜ ಅಂತ ಹೆಚ್ಚುಕಡಿಮೆ ಇಲ್ಲ, ಅದು ಪೊಟ್ಯಾಸಿಯಂ ಸೀಟಿನಲ್ಲಿ ಕೂತು ಪ್ರಯಾಣ ಮಾಡುತ್ತದೆ. ಇದು ಗೊತ್ತಾದ ಮೇಲೆ ಕಲ್ಲಿನಲ್ಲಿ ಯಾವುದು ಇರಬೇಕಿತ್ತು, ಎಷ್ಟಿರಬೇಕಿತ್ತು ಎಂದು ಹೇಳುವುದು ಸಾಧ್ಯವಾಯಿತು.

ಗೋಲ್ಡ್‌ಸ್ಮಿಟ್ ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಪ್ರೊಫೆಸರ್ ಆಗಿದ್ದ. 1935ರಲ್ಲಿ ನಾಜಿಗಳ ಯಹೂದಿ ದ್ವೇಷ ಸಹಿಸಲಾಗದೆ ಕೆಲಸ ಬಿಟ್ಟು ಓಸ್ಲೋಗೆ ಮರಳಿದ. ನಾಜಿಗಳು ಅಲ್ಲಿಗೂ ಬಂದರು. 1942ರ ನವೆಂಬರ್ 26ರಂದು ಐನೂರಕ್ಕೂ ಹೆಚ್ಚು ಯಹೂದಿಗಳನ್ನು ಆಶ್‌ವಿಟ್ಸ್ ಕಡೆ ಸಾಗಿಸಲು ಡೊನಾವ್ ಎಂಬ ಹಡಗು ಓಸ್ಲೋ ಬಂದರಿನಲ್ಲಿ ನಿಂತಿತ್ತು. ಕಟ್ಟೆಯ ಮೇಲೆ ಸಾಲಿನಲ್ಲಿದ್ದ ಗೋಲ್ಡ್‌ಸ್ಮಿಟ್‌ನನ್ನು ಕೊನೆ ಗಳಿಗೆಯಲ್ಲಿ ಹೊರಗೆಳೆದರು. ಅವನ ವಿಜ್ಞಾನ ದೇಶಕ್ಕೆ ಬೇಕು ಎಂಬುದು ಕಾರಣ. ಮುಂದಿನ ತಿಂಗಳು ಅವನು ಗುಟ್ಟಾಗಿ ಸ್ವೀಡನ್ ದಾಟಿ, ಅಲ್ಲಿಂದ ಬ್ರಿಟನ್ ಸೇರಿದ. 1947ರಲ್ಲಿ ಓಸ್ಲೋದಲ್ಲಿ ತೀರಿಕೊಂಡ. ಅವನ ದೊಡ್ಡ ಗ್ರಂಥ 1954ರಲ್ಲಿ, ಅವನಿಲ್ಲದಾಗ, ಅಚ್ಚಾಯಿತು. ಹಡಗು ಹತ್ತಿದವರಲ್ಲಿ ಬಹುತೇಕ ಯಾರೂ ವಾಪಸು ಬರಲಿಲ್ಲ.

ಗೋಲ್ಡ್‌ಸ್ಮಿಟ್ ಕೊಟ್ಟದ್ದು ತತ್ವ. ಅದನ್ನು ಅದಿರು ಹುಡುಕಲು ಬಳಸುವ ಕೆಲಸ 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಶುರುವಾಯಿತು. ಹೂತ ಅದಿರಿನ ಸುತ್ತ ಆ ಲೋಹದ ಅಂಶ ಮಸುಕಾದ ಪ್ರಭಾವಳಿಯಂತೆ ಹರಡಿರುತ್ತದೆ, ಮಣ್ಣನ್ನು ಸಾಲಾಗಿ ಪರೀಕ್ಷಿಸಿದರೆ ಅದು ಸಿಗುತ್ತದೆ ಎಂಬುದು ಅಲ್ಲಿನವರ ವಾದ. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಜಾನ್ ವೆಬ್, ಅಮೆರಿಕದಲ್ಲಿ ಹಾಕ್ಸ್ ಇದನ್ನು ಬೆಳೆಸಿದರು. ಇಬ್ಬರೂ ಸೇರಿ 1962ರಲ್ಲಿ ತಂದ ಪಠ್ಯಪುಸ್ತಕ ನಮ್ಮ ಕಾಲದವರೆಗೂ ಓದಿನಲ್ಲಿತ್ತು. ಕೆಲಸಕ್ಕೆ ಅಡ್ಡಿಯಾಗಿದ್ದದ್ದು ಖರ್ಚು. ಒಂದು ಕಲ್ಲಿನಲ್ಲಿ ತಾಮ್ರ ಎಷ್ಟಿದೆ ಎಂದು ತಿಳಿಯಲು ರಸಾಯನ ತಜ್ಞನಿಗೆ ಸಾಕಷ್ಟು ಸಮಯ ಹಿಡಿಯುತ್ತಿತ್ತು. 1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಪರಮಾಣುಗಳು ಬೆಳಕು ಹೀರುವುದನ್ನು ಅಳೆದು ಧಾತುವಿನ ಪ್ರಮಾಣ ಹೇಳುವ ವಿಧಾನವನ್ನು ಪ್ರಕಟಿಸಿದ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆ ಯಂತ್ರ ಎಲ್ಲ ಕಡೆ ಬಂತು. ಸಾವಿರಾರು ಮಾದರಿಗಳನ್ನು ನೋಡುವುದು ಕೈಗೆಟುಕುವ ಕೆಲಸವಾಯಿತು.

ಮಣ್ಣಿನಲ್ಲಿ ಹೆಚ್ಚಾಗಿರುವುದನ್ನು ಹುಡುಕುವುದು ಸುಲಭ. ಕಲ್ಲಿನಿಂದ ಏನು ಹೊರಟುಹೋಗಿದೆ ಎಂದು ತಿಳಿಯುವುದು ಹೇಗೆ? ಇದು ಕಷ್ಟದ ಲೆಕ್ಕ, ಮುಂದಿನ ಕಥೆಗೆ ಇದೇ ಕೀಲಿ, ಹಾಗಾಗಿ ಒಂದು ಉದಾಹರಣೆ ಕೊಡುತ್ತೇನೆ.

ಬಸಾಲ್ಟ್ ಎಂದರೆ ಹಳೆಯ ಲಾವಾದ ಕಪ್ಪು ಕಲ್ಲು. ಅದರಲ್ಲಿ ಟನ್ನಿಗೆ ನೂರು ಗ್ರಾಂ ತಾಮ್ರ ಇದೆ ಎಂದಿಟ್ಟುಕೊಳ್ಳಿ. ಭೂಮಿಯೊಳಗೆ ಬಿಸಿಯಾದ ಉಪ್ಪುನೀರು ಆ ಕಲ್ಲಿನ ಸಂದಿಗಳಲ್ಲಿ ಲಕ್ಷಾಂತರ ವರ್ಷ ಹರಿದು ಅದನ್ನು ಬದಲಾಯಿಸಿತು. ಈಗ ಅಳೆದರೆ ಟನ್ನಿಗೆ ಐವತ್ತು ಗ್ರಾಂ ತಾಮ್ರ ಸಿಗುತ್ತದೆ. ಅರ್ಧ ಹೋಯಿತು ಎನ್ನಬಹುದೇ? ಹಾಗೆನ್ನಲು ಬರುವುದಿಲ್ಲ. ಯಾಕೆಂದರೆ ತಾಮ್ರದ ಜೊತೆ ಕಲ್ಲಿನ ಬೇರೆ ಅಂಶಗಳೂ ಕರಗಿ ಹೋಗಿರಬಹುದು. ಆಗ ಉಳಿದದ್ದರ ಶೇಕಡಾವಾರು ತಾನಾಗಿ ಏರುತ್ತದೆ. ಊರಿನಿಂದ ಅರ್ಧ ಜನ ಗುಳೆ ಹೋದರೆ ಉಳಿದವರಲ್ಲಿ ಮುದುಕರ ಪ್ರಮಾಣ ಏರುತ್ತದೆ, ಮುದುಕರ ಸಂಖ್ಯೆ ಏರಿರುವುದಿಲ್ಲ.

ಹಾಗಾಗಿ ಜಾಗ ಬಿಟ್ಟು ಕದಲದ ಒಂದು ಧಾತು ಬೇಕು. ಟೈಟಾನಿಯಂ, ಜಿರ್ಕೋನಿಯಂ ಅಂಥವು. ನೀರು ಎಷ್ಟೇ ಹರಿದರೂ ಅವು ಸಾಮಾನ್ಯವಾಗಿ ಕೂತಲ್ಲೇ ಕೂತಿರುತ್ತವೆ. ಹೊಸ ಬಸಾಲ್ಟಿನಲ್ಲಿ ಟೈಟಾನಿಯಂ ಶೇಕಡಾ 1 ಇತ್ತು, ಬದಲಾದದ್ದರಲ್ಲಿ 1.25 ಇದೆ ಎಂದಾದರೆ, ಟೈಟಾನಿಯಂ ಎಲ್ಲಿಂದಲೂ ಬಂದಿಲ್ಲ, ನೂರು ಕಿಲೋ ಕಲ್ಲು ಕರಗಿ ಎಂಬತ್ತು ಕಿಲೋ ಆಗಿದೆ ಎಂದರ್ಥ. ಹಾಗಾದರೆ ಮೂಲ ಒಂದು ಟನ್ನಿನಿಂದ ಉಳಿದಿರುವುದು 800 ಕಿಲೋ ಕಲ್ಲು, ಅದರಲ್ಲಿ ತಾಮ್ರ ಬರೀ 40 ಗ್ರಾಂ. ಹೋದದ್ದು ಐವತ್ತಲ್ಲ, ಅರವತ್ತು. 1967ರಲ್ಲಿ ಗ್ರೆಸೆನ್ಸ್ ಎಂಬಾತ ಈ ಲೆಕ್ಕವನ್ನು ಸಮೀಕರಣದ ರೂಪಕ್ಕೆ ತಂದ. ನಮ್ಮ ಪ್ರಾಜೆಕ್ಟ್ ಭಾಷೆಯಲ್ಲಿ ಇದಕ್ಕೆ ಬೇಸ್‌ಲೈನ್ ಎನ್ನುತ್ತೇವೆ. ಕದಲದ ಒಂದು ಗೆರೆ ಇಲ್ಲದಿದ್ದರೆ ಎಷ್ಟು ಕದಲಿತು ಎಂದು ಹೇಳಲಾಗದು.

ಟನ್ನಿಗೆ ಅರವತ್ತು ಗ್ರಾಂ ಏನು ಮಹಾ ಎನಿಸಬಹುದು. ಒಂದು ಕಿಲೋಮೀಟರ್ ಉದ್ದ, ಅಗಲ, ಆಳದ ಬಸಾಲ್ಟ್ ಸುಮಾರು 290 ಕೋಟಿ ಟನ್ ತೂಗುತ್ತದೆ. ಅದರಿಂದ ಟನ್ನಿಗೆ ಅರವತ್ತು ಗ್ರಾಂ ಹೊರಟರೆ ಒಟ್ಟು 1,74,000 ಟನ್ ತಾಮ್ರ. ಅದು ಎಲ್ಲೋ ಹೋಗಿರಲೇಬೇಕು.

ಎಲ್ಲಿ ಹೋಯಿತು ಎಂಬ ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರಲ್ಲಿ ಡಗ್ಲಾಸ್ ಹೇನ್ಸ್ ಒಬ್ಬ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ 1972ರಲ್ಲಿ ಮುಗಿಸಿದ ಪಿಎಚ್‌ಡಿಯಲ್ಲಿ ಅವನು ಬದಲಾದ ಬಸಾಲ್ಟ್‌ಗಳನ್ನೂ ಅವುಗಳ ಜೊತೆ ಸಿಗುವ ತಾಮ್ರದ ನಿಕ್ಷೇಪಗಳನ್ನೂ ಅಧ್ಯಯನ ಮಾಡಿದ್ದ. ಬಸಾಲ್ಟಿನ ಕಪ್ಪು ಮ್ಯಾಗ್ನೆಟೈಟ್ ಆಮ್ಲಜನಕ ಹಿಡಿದು ಕೆಂಪು ಹೆಮಟೈಟ್ ಆಗುವಾಗ ಅದರೊಳಗೆ ಸೀಟು ಹಿಡಿದಿದ್ದ ತಾಮ್ರ ಬಿಡುಗಡೆಯಾಗುತ್ತದೆ. ಉಪ್ಪುನೀರು ಅದನ್ನು ಹೊತ್ತೊಯ್ಯುತ್ತದೆ. ಹಾದಿಯಲ್ಲಿ ಗಂಧಕವೋ ಇಂಗಾಲವೋ ಸಿಕ್ಕಿ ನೀರಿನ ಗುಣ ಬದಲಾದರೆ, ಹುಳಿ ಬಿದ್ದ ಹಾಲು ಒಡೆದಂತೆ, ತಾಮ್ರ ಅಲ್ಲೇ ಇಳಿಯುತ್ತದೆ. ಆದ್ದರಿಂದ ದೊಡ್ಡ ತಾಮ್ರದ ನಿಕ್ಷೇಪ ಬೇಕಾದರೆ ಮೊದಲು ತಾಮ್ರ ಕಳೆದುಕೊಂಡ ದೊಡ್ಡ ಬಸಾಲ್ಟ್ ರಾಶಿ ಎಲ್ಲಿದೆ ಎಂದು ಹುಡುಕು, ತಾಮ್ರ ಅದರ ಮೇಲೋ ಪಕ್ಕದಲ್ಲೋ ಇರುತ್ತದೆ. ಇದು ಅವನ ವಾದದ ತಿರುಳು.

ವೆಸ್ಟರ್ನ್ ಮೈನಿಂಗ್ ಕಾರ್ಪೊರೇಶನ್ ಎಂಬ ಆಸ್ಟ್ರೇಲಿಯಾದ ಕಂಪನಿ 1957ರಿಂದ ತಾಮ್ರ ಹುಡುಕುತ್ತಿತ್ತು, ದೊಡ್ಡದೇನೂ ಸಿಕ್ಕಿರಲಿಲ್ಲ. 1966ರಲ್ಲಿ ಕಂಬಾಲ್ಡಾದಲ್ಲಿ ನಿಕ್ಕಲ್ ಸಿಕ್ಕಿ ಕೈಯಲ್ಲಿ ಹಣ ಓಡಾಡತೊಡಗಿತ್ತು. ಅದರ ಅನ್ವೇಷಣೆಯ ಮುಖ್ಯಸ್ಥ ರಾಯ್ ವುಡಾಲ್ ವಿಜ್ಞಾನದ ಮೇಲೆ ಹಣ ಹಾಕಲು ಹೆದರದ ಮನುಷ್ಯ. ಹೇನ್ಸ್‌ನ ವಿಚಾರವನ್ನು ಕಂಪನಿ ಹುಡುಕಾಟದ ಆಧಾರವಾಗಿ ಹಿಡಿಯಿತು. ಗುರಿ ಜಾಂಬಿಯಾದಲ್ಲಿ ಇರುವಂಥ, ಪದರಗಲ್ಲುಗಳಲ್ಲಿ ಹರಡಿದ ತಾಮ್ರ. ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಹಳೆಯ ಶಿಲೆಗಳ ಮೇಲೆ ಚಪ್ಪಟೆ ಪದರಗಲ್ಲು ಹಾಸಿಕೊಂಡಿರುವ ಒಂದು ವಿಶಾಲ ಸೀಮೆಯನ್ನು ಅವರು ಆರಿಸಿಕೊಂಡರು. ಕೆಳಗಿನ ಬಸಾಲ್ಟ್ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಭೂಭೌತ ತಜ್ಞ ಹ್ಯೂ ರಟರ್ ಗುರುತ್ವ ಮತ್ತು ಕಾಂತದ ಅಳತೆಗಳನ್ನು ನೋಡಿ, ಎರಡೂ ಒಟ್ಟಿಗೆ ಏರುವ ಜಾಗಗಳನ್ನು ಗುರುತಿಸಿದ. ಭಾರವಾದ, ಕಬ್ಬಿಣ ತುಂಬಿದ ಕಲ್ಲು ಕೆಳಗಿದೆ ಎಂಬುದಕ್ಕೆ ಅದು ಸೂಚನೆ. ನೆಲದ ದೊಡ್ಡ ಬಿರುಕುಗಳ ನಕ್ಷೆ ಮಾಡುತ್ತಿದ್ದ ಟಿಮ್ ಓಡ್ರಿಸ್ಕಲ್‌ನ ಗೆರೆಗಳೂ ಅದೇ ಕಡೆ ಬೊಟ್ಟು ಮಾಡಿದವು.

ಹಾಗೆ ಆರಿಸಿದ ಒಂದು ಜಾಗ ರಾಕ್ಸ್‌ಬಿ ಡೌನ್ಸ್ ಎಂಬ ಕುರಿಸಾಕಣೆಯ ಜಮೀನಿನಲ್ಲಿತ್ತು. ಪಕ್ಕದಲ್ಲಿ ಜಾನುವಾರುಗಳಿಗೆ ನೀರು ನಿಲ್ಲಿಸಲು ಕಟ್ಟಿದ ಒಂದು ಸಣ್ಣ ಕಟ್ಟೆ. ಮೆಲ್ಬರ್ನ್‌ನಲ್ಲಿ 1956ರ ಒಲಿಂಪಿಕ್ಸ್ ನಡೆದ ವರ್ಷ ತೋಡಿದ್ದರಿಂದ ಅದಕ್ಕೆ ಒಲಿಂಪಿಕ್ ಡ್ಯಾಮ್ ಎಂಬ ದೊಡ್ಡ ಹೆಸರು. 1975ರ ಮಧ್ಯಭಾಗದಲ್ಲಿ ಆರ್‌ಡಿ1 ಎಂಬ ಮೊದಲ ರಂಧ್ರ ಕೊರೆದರು. ಮುನ್ನೂರಕ್ಕೂ ಹೆಚ್ಚು ಮೀಟರ್ ಬರೀ ಪದರಗಲ್ಲು. ಸುಮಾರು 350 ಮೀಟರ್ ಆಳದಲ್ಲಿ 38 ಮೀಟರ್ ದಪ್ಪದ ಭಾಗದಲ್ಲಿ ಶೇಕಡಾ ಒಂದರಷ್ಟು ತಾಮ್ರ ಸಿಕ್ಕಿತು.

ಮೊದಲ ರಂಧ್ರದಲ್ಲೇ ಜಯ ಸಿಕ್ಕಿತು ಎನ್ನುವಂತಿರಲಿಲ್ಲ. ಅಷ್ಟು ಆಳದಿಂದ ಶೇಕಡಾ ಒಂದರ ತಾಮ್ರ ಮೇಲೆ ತಂದರೆ ಖರ್ಚು ಹುಟ್ಟುವುದಿಲ್ಲ. ಮುಂದೆ ಕೊರೆದವುಗಳಲ್ಲಿ ಕೆಲವು ಪೂರ್ತಿ ಬರಿದು, ಕೆಲವು ಅರೆಬರೆ. ಒಂದು ವರ್ಷ ದಾಟಿತು. ನಮ್ಮ ಕಡೆ ಹೊಲದಲ್ಲಿ ಬೋರ್ ಹಾಕಿಸಿದವರಿಗೆ ಈ ಸಂಕಟ ವಿವರಿಸಬೇಕಿಲ್ಲ. ಬರಗಾಲದ ಒಂದು ವರ್ಷ ನಮ್ಮಪ್ಪ ಮೂರು ಬೋರ್ ಹಾಕಿಸಿದ್ದರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೋಡುವವನು ತೋರಿಸಿದ ಮೊದಲ ಜಾಗದಲ್ಲಿ ಒಂದಿಂಚು ನೀರು ಬಂತು. ಪೂರ್ತಿ ಧೂಳು ಹಾರಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಒಂದಿಂಚು ನೀರು ಬೆಳೆಗೂ ಸಾಲದು, ಆಸೆಯನ್ನೂ ಬಿಡಿಸದು. ಸಾಲ ಎರಡನೆಯದಕ್ಕೂ ಮೂರನೆಯದಕ್ಕೂ ಬೆಳೆಯಿತು. ಆಫೀಸಿನಲ್ಲಿ ಅರ್ಧ ಮುಗಿದ ಪ್ರಾಜೆಕ್ಟಿಗೆ ಇನ್ನೂ ಆರು ತಿಂಗಳ ಹಣ ಕೇಳುವವರ ಮುಖ ನೋಡಿದಾಗಲೆಲ್ಲ ನನಗೆ ಅಪ್ಪನ ಎರಡನೇ ಬೋರ್ ನೆನಪಾಗುತ್ತದೆ. ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಹೇಳುವ ಸೂತ್ರ ಯಾರ ಬಳಿಯೂ ಇಲ್ಲ. ಇರುವುದು ಒಂದೇ ಪ್ರಶ್ನೆ: ಪ್ರತಿ ಸೋಲಿನಿಂದ ನಮಗೆ ಹೊಸದೇನಾದರೂ ತಿಳಿಯುತ್ತಿದೆಯೇ?

ಅಪ್ಪನ ಬೋರುಗಳಿಂದ ಮೇಲೆ ಬಂದದ್ದು ಪುಡಿ. ಅದನ್ನು ಯಾರೂ ಓದಲಿಲ್ಲ, ಗಾಳಿಗೆ ಹಾರಿಹೋಯಿತು. ಒಲಿಂಪಿಕ್ ಡ್ಯಾಮ್‌ನಲ್ಲಿ ಅದಿರಿನ ಮಟ್ಟದಿಂದ ಮೇಲೆ ಬಂದದ್ದು ಉದ್ದನೆಯ ಕಲ್ಲಿನ ಕಂಬಗಳು. ಅವನ್ನು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟು ಅಡಿ ಅಡಿಯಾಗಿ ನೋಡಿದರು, ಪರೀಕ್ಷೆಗೆ ಕಳಿಸಿದರು. ತಾಮ್ರ ಕಡಿಮೆ ಇದ್ದ ಕಡೆಯೂ ಕಲ್ಲು ಮಾಮೂಲಿಯಾಗಿರಲಿಲ್ಲ. ಗ್ರಾನೈಟ್ ಚೂರುಚೂರಾಗಿ ಒಡೆದು, ಚೂರುಗಳ ನಡುವೆ ಕೆಂಪು ಹೆಮಟೈಟ್ ತುಂಬಿಕೊಂಡಿತ್ತು. ಇಷ್ಟು ಕಬ್ಬಿಣವನ್ನು ತಂದು ತುಂಬಿದ ನೀರು ಸಣ್ಣ ಪ್ರಮಾಣದ್ದಾಗಿರಲು ಸಾಧ್ಯವಿಲ್ಲ. ಕೊರೆತ ಮುಂದುವರಿಯಿತು. 1976ರ ನವೆಂಬರ್‌ನಲ್ಲಿ ಹತ್ತನೆಯ ರಂಧ್ರ ಆರ್‌ಡಿ10, 170 ಮೀಟರ್ ದಪ್ಪದಲ್ಲಿ ಶೇಕಡಾ 2.1 ತಾಮ್ರ ತೋರಿಸಿತು, ಜೊತೆಗೆ ಯುರೇನಿಯಂ. ಚಿನ್ನ, ಬೆಳ್ಳಿಯೂ ಇದ್ದವು. ಮುಂದೆ ಅಳೆದಾಗ ಅದು ಜಗತ್ತಿನ ಅತಿ ದೊಡ್ಡ ತಾಮ್ರದ ನಿಕ್ಷೇಪಗಳಲ್ಲಿ ಒಂದು, ತಿಳಿದಿರುವ ಯುರೇನಿಯಂ ನಿಕ್ಷೇಪಗಳಲ್ಲೆಲ್ಲ ದೊಡ್ಡದು ಎಂದಾಯಿತು. ಸುಮಾರು 159 ಕೋಟಿ ವರ್ಷ ಹಳೆಯದು. ನೆಲದ ಮೇಲೆ ಅದರ ಒಂದು ಕಣವೂ ಕಂಡಿರಲಿಲ್ಲ.

ಇಲ್ಲಿಗೆ ಕಥೆ ಮುಗಿಸಿದರೆ ವಿಜ್ಞಾನದ ಜಯಭೇರಿ ಆಗುತ್ತದೆ. ಆದರೆ ಪೆಟ್ಟಿಗೆಯಲ್ಲಿದ್ದ ಕಲ್ಲು ಬೇರೆ ಮಾತು ಹೇಳುತ್ತಿತ್ತು. ಅವರು ಹುಡುಕಿ ಹೋದದ್ದು ಪದರಗಲ್ಲಿನಲ್ಲಿ ಹರಡಿದ ತಾಮ್ರ. ಸಿಕ್ಕಿದ್ದು ಒಡೆದ ಗ್ರಾನೈಟಿನೊಳಗಿನ ತಾಮ್ರ. ಗುರುತ್ವದ ಏರಿಕೆಗೆ ಕಾರಣ ಬಸಾಲ್ಟ್ ರಾಶಿ ಎಂದುಕೊಂಡಿದ್ದರು, ಕಾರಣ ಹೆಮಟೈಟ್ ಆಗಿತ್ತು. ಜಾಗ ಸರಿ, ವಿವರಣೆ ಬಹುಪಾಲು ಬೇರೆ. ಆ ಬಗೆಯ ನಿಕ್ಷೇಪಕ್ಕೆ ಆಗ ಹೆಸರೇ ಇರಲಿಲ್ಲ. 1992ರಲ್ಲಿ ಮರ್ರೆ ಹಿಟ್ಸ್‌ಮನ್, ನವೋಮಿ ಒರೆಸ್ಕಿಸ್, ಮಾರ್ಕೊ ಐನೌಡಿ ಬರೆದ ಪ್ರಬಂಧ ಇಂಥವನ್ನೆಲ್ಲ ಕಬ್ಬಿಣದ ಆಕ್ಸೈಡಿನ ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸಿತು.

ಹಾಗಾದರೆ ಇದು ಅದೃಷ್ಟವೇ? ಐದು ದಶಕಗಳಿಂದ ಭೂವಿಜ್ಞಾನಿಗಳು ಇದನ್ನು ವಾದಿಸುತ್ತಾರೆ. ನನಗೆ ತೋಚುವುದು ಇಷ್ಟು. ಹೇನ್ಸ್‌ನ ವಿಚಾರ ಇಲ್ಲದಿದ್ದರೆ ಆ ಕಂಪನಿ ಆ ಬಯಲಿನಲ್ಲಿ ಕೊರೆಯುತ್ತಲೇ ಇರಲಿಲ್ಲ. ದೊಡ್ಡ ಪ್ರಮಾಣದಲ್ಲಿ ನೀರು ಹರಿದು ಲೋಹ ಕದಲಿಸಿರಬೇಕು, ಕಬ್ಬಿಣ ಆಮ್ಲಜನಕ ಹಿಡಿದಿರಬೇಕು, ಕೆಳಗೆ ಭಾರದ ಕಲ್ಲಿರಬೇಕು ಎಂಬ ಮೂಲ ಮಾತುಗಳು ನಿಂತವು. ಅವುಗಳ ಮೇಲೆ ಕಟ್ಟಿದ ಚಿತ್ರ ನಿಲ್ಲಲಿಲ್ಲ. ಚಿತ್ರವೇ ಸರಿ ಎಂದು ಹಟ ಹಿಡಿದಿದ್ದರೆ ಪದರಗಲ್ಲಿನಲ್ಲಿ ಏನೂ ಸಿಗಲಿಲ್ಲ ಎಂದು ಹಿಂದಿರುಗುತ್ತಿದ್ದರು. ಕಲ್ಲು ತೋರಿಸಿದ್ದನ್ನು ಕಂಡು ಚಿತ್ರ ಬಿಟ್ಟರು. ಆ ಬಿಡುವ ಬುದ್ಧಿಯೇ ಶೋಧದ ಅರ್ಧ ಭಾಗ.

ಮೇಲೆ ಹೆಸರಿಸಿದ ನವೋಮಿ ಒರೆಸ್ಕಿಸ್ ಬಗ್ಗೆ ಇನ್ನೊಂದು ಮಾತು. ಹವಾಮಾನ ಬದಲಾವಣೆಯ ವಿಷಯದಲ್ಲಿ ಸಂಶಯ ಬಿತ್ತಿದವರ ಬಗ್ಗೆ ಪುಸ್ತಕ ಬರೆದ ವಿಜ್ಞಾನದ ಇತಿಹಾಸಕಾರ್ತಿ ಎಂದು ನಿಮ್ಮಲ್ಲಿ ಹಲವರು ಆಕೆಯನ್ನು ಬಲ್ಲಿರಿ. ಅದಕ್ಕೂ ಮೊದಲು ಆಕೆ ಗಣಿ ಭೂವಿಜ್ಞಾನಿ, ವೆಸ್ಟರ್ನ್ ಮೈನಿಂಗ್‌ನಲ್ಲಿ ಇದೇ ಒಲಿಂಪಿಕ್ ಡ್ಯಾಮ್‌ನಲ್ಲಿ ಕೆಲಸ ಮಾಡಿದವರು. 1994ರಲ್ಲಿ ಇಬ್ಬರು ಸಹಲೇಖಕರೊಂದಿಗೆ ಅವರು ಬರೆದ ಒಂದು ಪ್ರಬಂಧ ನಮ್ಮ ಐಟಿಯವರು ದಿನಾ ಬಳಸುವ ವೆರಿಫಿಕೇಶನ್, ವ್ಯಾಲಿಡೇಶನ್ ಎಂಬ ಎರಡು ಪದಗಳನ್ನು ಹಿಡಿದು ಜಾಲಾಡುತ್ತದೆ. ಭೂಮಿಯ ಬಗ್ಗೆ ಕಟ್ಟಿದ ಮಾದರಿಯೊಂದು ಸರಿಯಾಗಿ ಭವಿಷ್ಯ ನುಡಿಯಿತು ಎಂದ ಮಾತ್ರಕ್ಕೆ ಆ ಮಾದರಿ ನಿಜ ಎಂದಾಗುವುದಿಲ್ಲ, ಬೇರೆ ಕಾರಣದಿಂದಲೂ ಅದೇ ಉತ್ತರ ಬರಬಹುದು ಎಂಬುದು ಅದರ ವಾದ. ಆರ್‌ಡಿ1ಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಓದಿಲ್ಲ.

ಕೆಳಗಿನ ಕಲ್ಲನ್ನು ಇಷ್ಟು ಚೆನ್ನಾಗಿ ಓದಿದ ಆ ಬಯಲಿನ ಮೇಲ್ಗಡೆ ಏನಿತ್ತು? ಕಂಪನಿಯ ನಕ್ಷೆಯಲ್ಲಿ ಅದು ಕುರಿಗಳ ಜಮೀನು. ಕೊಕಾಥಾ ಎಂಬ ಮೂಲನಿವಾಸಿ ಜನರಿಗೆ ಅದು ಪೂರ್ವಿಕರ ನೆಲ, ಅಲ್ಲಿನ ದಿಬ್ಬ, ನೀರಿನ ತಾಣಗಳಿಗೆ ಕಥೆಗಳಿದ್ದವು. ಗಣಿಗೆ ಒಪ್ಪಿಗೆ ಕೊಡುವ ಮಸೂದೆ 1982ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೇಲ್ಮನೆಗೆ ಬಂತು. ವಿರೋಧ ಪಕ್ಷವಾಗಿದ್ದ ಲೇಬರ್ ಯುರೇನಿಯಂ ಬೇಡ ಎನ್ನುತ್ತಿತ್ತು. ಆ ಪಕ್ಷದ ನಾರ್ಮ್ ಫಾಸ್ಟರ್ ರಾಜೀನಾಮೆ ಕೊಟ್ಟು ಮಸೂದೆಯ ಪರ ಮತ ಹಾಕಿದ್ದರಿಂದ ಅದು ಪಾಸಾಯಿತು. 1983, 1984ರಲ್ಲಿ ನೂರಾರು ಜನ ಅಲ್ಲಿ ರಸ್ತೆ ತಡೆದು ಕೂತರು. 1988ರಲ್ಲಿ ಗಣಿ ಶುರುವಾಯಿತು, 2005ರಲ್ಲಿ ಬಿಎಚ್‌ಪಿ ಕಂಪನಿಯ ಕೈಗೆ ಹೋಯಿತು. ನೀರು ಒಳನಾಡಿನ ಮಹಾ ಅಂತರ್ಜಲ ಕೊಳದಿಂದ ಬರುತ್ತದೆ. ಆ ಪ್ರದೇಶದ ದೊಡ್ಡ ಭಾಗದ ಮೇಲೆ ಕೊಕಾಥಾ ಜನರ ಪಾರಂಪರಿಕ ಹಕ್ಕನ್ನು ಕೋರ್ಟು ಮಾನ್ಯ ಮಾಡಿದ್ದು 2014ರಲ್ಲಿ, ಮೊದಲ ರಂಧ್ರ ಕೊರೆದು ಮೂವತ್ತೊಂಬತ್ತು ವರ್ಷದ ಮೇಲೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. ಯುರೇನಿಯಂ ಮೊದಲಾದ ಪರಮಾಣು ಖನಿಜಗಳನ್ನು ಹುಡುಕುವ ಕೇಂದ್ರ ಸರಕಾರದ ನಿರ್ದೇಶನಾಲಯದ ಮುಖ್ಯ ಕಚೇರಿ ಇರುವುದು ಇಲ್ಲೇ ಹೈದರಾಬಾದಿನ ಬೇಗಂಪೇಟೆಯಲ್ಲಿ. ಮಂಡ್ಯ ಜಿಲ್ಲೆಯ ಮರ್ಲಗಲ್ಲ, ಅಲ್ಲಾಪಟ್ಟಣದ ಕಡೆ ಲಿಥಿಯಂ ಇದೆ ಎಂದು ಪ್ರಾಥಮಿಕ ಅಂದಾಜು ಕೊಟ್ಟವರು ಅವರೇ, 1,600 ಟನ್. ಜಗತ್ತಿನ ಲೆಕ್ಕದಲ್ಲಿ ಅದು ಚಿಕ್ಕದು. ಆದರೆ ಫೋನು, ಕಾರುಗಳ ಬ್ಯಾಟರಿಯ ಈ ಕಾಲದಲ್ಲಿ ಹುಡುಕಾಟ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಲಿಥಿಯಂ ಹೊತ್ತ ಕಲ್ಲುಗಳನ್ನು ಗುರುತಿಸಲು ಬಳಸುವ ಒಂದು ಉಪಾಯ ಗೋಲ್ಡ್‌ಸ್ಮಿಟ್ ಹೇಳಿದ್ದ ಅದೇ ಸೀಟಿನ ಲೆಕ್ಕ: ಪೊಟ್ಯಾಸಿಯಂ ಜಾಗದಲ್ಲಿ ರುಬಿಡಿಯಂ ಎಷ್ಟು ಸೇರಿದೆ ಎಂದು ನೋಡುವುದು. ಹಟ್ಟಿಯಂಥ ಕಡೆ ಚಿನ್ನದ ಜೊತೆ ಬರುವ ಆರ್ಸೆನಿಕ್ ಕೂಡ ಹೀಗೆಯೇ ದಾರಿ ತೋರಿಸಬಲ್ಲದು. ಹಳಬರು ಇಳಿದ ಗುಂಡಿಗಳ ಆಚೆಗೆ, ಮೇಲೆ ಯಾವ ಗುರುತೂ ಇಲ್ಲದ ಹೊಲಗಳ ಕೆಳಗೆ, ಇನ್ನು ಮುಂದೆ ಕೊರೆಯುವವರು ಬರುತ್ತಾರೆ. ಅವರ ಕೈಯಲ್ಲಿ ಇನಾಮಿನ ಬದಲು ಪ್ರಯೋಗಾಲಯದ ಫಲಿತಾಂಶ ಇರುತ್ತದೆ. ಊರಿನವರಿಗೆ ಮೊದಲಿನಂತೆ ತಮ್ಮ ಮಣ್ಣಿನಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ವಾರನ್ ಕಾಲದಲ್ಲಿ ಆ ತಿಳಿವಳಿಕೆ ಊರವರದಾಗಿತ್ತು, ಅವನು ಕೇಳಿ ಪಡೆಯಬೇಕಾಗಿತ್ತು. ಕಲ್ಲಿನ ರಸಾಯನ ಓದುವ ವಿದ್ಯೆ ಬಂದ ಮೇಲೆ ಕೇಳುವ ಅಗತ್ಯ ತಪ್ಪಿತು.

ನನ್ನ ಮಾತು ಗಣಿಯೇ ಬೇಡ ಎಂದಲ್ಲ. ಈ ಬರಹ ನೀವು ಓದುತ್ತಿರುವ ಫೋನಿನಲ್ಲೂ ತಾಮ್ರವಿದೆ, ಅದು ಯಾವುದೋ ನೆಲದ ಅಡಿಯಿಂದಲೇ ಬಂದಿದೆ. ಕೋಲಾರದ ಗಣಿ ಸುಮಾರು 800 ಟನ್ ಚಿನ್ನ ಕೊಟ್ಟು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರ ಫೆಬ್ರವರಿ 28ಕ್ಕೆ ನಿಂತಿತು. ಚಿನ್ನ ಎಷ್ಟು ಹೋಯಿತು ಎಂಬುದಕ್ಕೆ ಪಕ್ಕಾ ದಾಖಲೆ ಇದೆ. ಊರಿನಲ್ಲಿ ಉಳಿದದ್ದು ಸಯನೈಡಿನಲ್ಲಿ ತೊಳೆದ ಮಣ್ಣಿನ ಬೂದುಬಣ್ಣದ ಗುಡ್ಡಗಳು. ಅಲ್ಲಿನ ಸಾವಿರಾರು ಜನ ಈಗಲೂ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಹಿಂದಿರುಗುತ್ತಾರೆ. ಏನು ಹೋಯಿತು, ಎಷ್ಟು ಹೋಯಿತು, ಎಲ್ಲಿ ಸೇರಿತು ಎಂದು ಹೇನ್ಸ್ ಬಸಾಲ್ಟನ್ನು ಕೇಳಿದ. ಅಷ್ಟೇ ನಿಖರವಾಗಿ, ಕದಲದ ಒಂದು ಗೆರೆ ಹಿಡಿದುಕೊಂಡು, ಅದೇ ಮೂರು ಪ್ರಶ್ನೆಗಳನ್ನು ಗಣಿಯ ಮೇಲಿನ ಊರಿಗೂ ಕೇಳಬಹುದು. ಲೆಕ್ಕ ಮಾಡುವ ವಿದ್ಯೆ ನಮ್ಮಲ್ಲಿದೆ. ಮುಂದಿನ ರಂಧ್ರ ಕೊರೆಯುವ ಮೊದಲು ಮಾಡಿದರೆ ಒಳ್ಳೆಯದು.